"ಕದ್ದವನಿಗೆ ಖುಷಿ" ಅಂದ ಮಗ: ಇದನ್ನೆಲ್ಲ ಅಳೆಯೋಕೆ ಆಗುತ್ತಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಚೀನಾದ ಹಾಂಗ್‌ಝೌ ನಗರದಲ್ಲಿದ್ದೇವೆ. ಮಗನಿಗೆ ನಾಲ್ಕೂವರೆ ವರ್ಷ, ಇಲ್ಲಿನ ಶಿಶುವಿಹಾರಕ್ಕೆ ಹೋಗುತ್ತಾನೆ. ಹೋದ ವಾರ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬಂದು ಮಕ್ಕಳ "ನೈತಿಕ ಭಾವನೆ" (ತಪ್ಪು ಮಾಡಿದಾಗ ಆಗುವ ನಾಚಿಕೆ, ಪಶ್ಚಾತ್ತಾಪದಂಥವು) ಅಳೆದರಂತೆ. ಒಬ್ಬ ಹುಡುಗ ಗೆಳೆಯನ ಮಿಠಾಯಿ ಕದಿಯುವ ಚಿತ್ರ ತೋರಿಸಿ, "ಅವನಿಗೆ ಈಗ ಹೇಗನ್ನಿಸುತ್ತೆ?" ಅಂತ ಕೇಳಿದ್ದಾರೆ. ನಮ್ಮವನು ನಗುವ ಮುಖದ ಮೇಲೆ ಬೆರಳಿಟ್ಟಿದ್ದಾನೆ! ಯಾಕೋ ಅಂದರೆ "ಮಿಠಾಯಿ ಸಿಕ್ತಲ್ಲಮ್ಮ" ಅಂತಾನೆ. ನನಗೆ ನಿದ್ದೆ ಬರುತ್ತಿಲ್ಲ.

ಉತ್ತರ: ಆರಾಮಾಗಿ ಮಲಗಿ. ಆ ವಯಸ್ಸಿನ ಮಕ್ಕಳು ಬಹುಪಾಲು ಹೀಗೇ ಹೇಳುತ್ತಾರೆ. 1988ರಲ್ಲಿ ನುನ್ನರ್-ವಿಂಕ್ಲರ್ ಮತ್ತು ಸೋಡಿಯನ್ ಎಂಬ ಜರ್ಮನ್ ಸಂಶೋಧಕಿಯರು ಇಂಥದ್ದೇ ಕಥೆ ಹೇಳಿ ನೋಡಿದ್ದರು. ಕದಿಯೋದು ತಪ್ಪು ಅಂತ ನಾಲ್ಕರ ಮಕ್ಕಳಿಗೆ ಚೆನ್ನಾಗಿ ಗೊತ್ತು. ಆದರೂ ಕದ್ದವನಿಗೆ ಖುಷಿ ಅನ್ನುತ್ತಾರೆ, ಬೇಕಾದದ್ದು ಸಿಕ್ಕಿತಲ್ಲ! ಎಂಟು ವರ್ಷದ ಹೊತ್ತಿಗೆ ಉತ್ತರ ಬದಲಾಗುತ್ತದೆ. "ನೀನೇ ಕದ್ದಿದ್ದರೆ?" ಅಂತ ತಿರುಗಿಸಿ ಕೇಳಿದರೆ ಖುಷಿ ಅನ್ನುವವರು ಕಮ್ಮಿಯಾಗುತ್ತಾರೆ. ಚಿತ್ರದ ಹುಡುಗನ ಬಗ್ಗೆ ನಿಮ್ಮ ಮಗನ ಊಹೆ ಏನು ಅಂತ ಅವರಿಗೆ ಗೊತ್ತಾಯಿತು, ಅಷ್ಟೇ.

ನಾನು ಬಾಯಿಮಾತಿಗಿಂತ ಕೈಕಾಲನ್ನು ಜಾಸ್ತಿ ನಂಬುತ್ತೇನೆ. 1993ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಎರಡು ವರ್ಷದ ಆಸುಪಾಸಿನ ಮಕ್ಕಳಿಗೆ ಒಂದು ಬಟ್ಟೆಗೊಂಬೆ ಕೊಟ್ಟರು. ಆಡುವಾಗ ಅದರ ಕಾಲು ಕಳಚಿ ಬೀಳುವಂತೆ ಮೊದಲೇ ಮಾಡಿಟ್ಟಿದ್ದರು. ಕೆಲವರು ಕಾಲು ಸಿಕ್ಕಿಸಲು ನೋಡಿದರು, ದೊಡ್ಡವರಿಗೆ ತಾವಾಗಿಯೇ ಹೇಳಿದರು. ಕೆಲವರು ತಪ್ಪಿಸಿಕೊಂಡು ಓಡಾಡಿದರು. ಮೊದಲಿನವರದು ಪಶ್ಚಾತ್ತಾಪದ ದಾರಿ, ಎರಡನೆಯವರದು ನಾಚಿಕೆಯದು ಅಂತ ಲೆಕ್ಕ. (ಇಂಥ ಆಟದ ಕೊನೆಗೆ "ಅದು ನಿನ್ನಿಂದ ಮುರಿದದ್ದಲ್ಲ" ಅಂತ ಮಗುವಿಗೆ ಹೇಳಲೇಬೇಕು. ಇಲ್ಲಾಂದ್ರೆ ಪಾಪ, ಕೊರಗುತ್ತೆ.)

ಇನ್ನೊಬ್ಬರ ಪ್ರಶ್ನೆ: ನಾನು ಎಂ.ಎಡ್. ವಿದ್ಯಾರ್ಥಿ, ಧಾರವಾಡ. ಚೀನೀ ಮಕ್ಕಳನ್ನು ಅಳೆಯೋಕೆ ಆ ಜರ್ಮನ್, ಅಮೆರಿಕನ್ ಪರೀಕ್ಷೆಗಳನ್ನೇ ಚೀನೀ ಭಾಷೆಗೆ ತಂದರೆ ಸಾಕಲ್ವಾ ಮೇಡಂ?

ಉತ್ತರ: ತೊಡಕಿರುವುದೇ ಅಲ್ಲಿ. ಚೀನೀಯ 'ಶಿಯೋ' ಪದ ನಮ್ಮ 'ನಾಚಿಕೆ' ಥರ. ನೆಂಟರು ಬಂದಾಗ ಅಮ್ಮನ ಹಿಂದೆ ಅಡಗುವ ಮಗುವಿಗೂ ನಾಚಿಕೆ. "ನಾಚಿಕೆ ಆಗಲ್ವಾ ನಿಂಗೆ?" ಅಂತ ಬೈಸಿಕೊಂಡ ಮಗುವಿಗೂ ನಾಚಿಕೆ. ಅಮ್ಮ ಪ್ರಶ್ನಾವಳಿಯಲ್ಲಿ "ಹೌದು, ನಾಚಿಕೊಳ್ಳುತ್ತಾನೆ" ಅಂತ ಗುರುತು ಹಾಕಿದರೆ ಯಾವುದಕ್ಕೆ ಹಾಕಿದರು? ತಪ್ಪು ಮಾಡಿದ ಮೇಲೆ ಒಳಗೊಳಗೇ ಚುಚ್ಚುವುದಕ್ಕೆ 'ನೇಯ್‌ಜ್ಯೋ' ಅನ್ನುವ ಬೇರೆ ಮಾತಿದೆ. ಆದರೆ ಅದು ದೊಡ್ಡವರ ಬಾಯಲ್ಲಿ ಬರುವಂಥದ್ದು. ಜಿನ್ ಲಿ ಎಂಬ ಸಂಶೋಧಕಿ ಮತ್ತು ಸಂಗಡಿಗರು 2004ರಲ್ಲಿ ನಾಚಿಕೆಯ ಬಳಗಕ್ಕೆ ಸೇರಿದ 113 ಚೀನೀ ಪದಗಳನ್ನು ವಿಂಗಡಿಸಿದ್ದಾರೆ. ಅಷ್ಟನ್ನೂ ಒಂದೇ ಅಳುವ ಮುಖದ ಚಿತ್ರಕ್ಕೆ ತುರುಕಿದರೆ ಹೇಗೆ?

ಇನ್ನೊಂದಿದೆ. ಹೈಡಿ ಫಂಗ್ ಎಂಬ ಸಂಶೋಧಕಿ ತೈವಾನಿನ ತೈಪೆಯ ಚೀನೀ ಮನೆಗಳಲ್ಲಿ ಪುಟ್ಟ ಮಕ್ಕಳನ್ನು ಗಮನಿಸಿ 1999ರಲ್ಲಿ ಬರೆದರು. ಎರಡೂವರೆ ವರ್ಷದ ಮಕ್ಕಳನ್ನೂ ಮನೆಯವರು ನಾಚಿಸುತ್ತಾರೆ. ಎಷ್ಟೋ ಸಲ ಅದರಲ್ಲಿ ಅರ್ಧ ತಮಾಷೆ ಇರುತ್ತದೆ. ತೋರುಬೆರಳಿನಿಂದ ಕೆನ್ನೆ ಕೆರೆದು 'ಶಿಯೋಶಿಯೋ ಲ್ಯೆನ್' ಅನ್ನುವುದು ಚೀನೀಯರಲ್ಲಿ ರೂಢಿ. ನಮ್ಮ 'ಶೇಮ್ ಶೇಮ್' ಇದ್ದ ಹಾಗೆ. ಹಾಗಾಗಿ ಅಲ್ಲಿನ ಮಗು ಮುಖ ಮುಚ್ಚಿಕೊಂಡ ತಕ್ಷಣ "ಕೀಳರಿಮೆ" ಅಂತ ಅಂಕ ಹಾಕಬೇಡಿ. ಟೀಚರ್, ಅಮ್ಮ, ಕಥೆಯ ಉತ್ತರ, ಕಣ್ಣಾರೆ ಕಂಡದ್ದು, ಇವೆಲ್ಲ ಒಂದೇ ಕಡೆ ಬೆರಳು ತೋರಿಸುತ್ತವೆಯೇ ನೋಡಿ.

ಹಾಂಗ್‌ಝೌ ಅಮ್ಮ, ಮಗ ಮನೆಯಲ್ಲಿ ಏನಾದರೂ ಚೆಲ್ಲಿದಾಗ ಮೊದಲು ಏನು ಮಾಡುತ್ತಾನೆ?

ಮೊದಲ ಪ್ರಶ್ನೆ ಕೇಳಿದವರು: ಒರೆಸೋ ಬಟ್ಟೆ ತರುತ್ತಾನೆ, ಆಮೇಲೆ ಇನ್ನಷ್ಟು ಚೆಲ್ಲುತ್ತಾನೆ! ಕೆನ್ನೆ ಕೆರೆಯೋದು ಈಗ ಅರ್ಥವಾಯಿತು. ನಿನ್ನೆ ವಿಡಿಯೊ ಕಾಲ್‌ನಲ್ಲಿ ತಾತನಿಗೆ ಅದನ್ನೇ ಮಾಡುತ್ತಿದ್ದ. ತಾತ ಹಲ್ಲುಸೆಟ್ ಹಾಕಿಕೊಂಡಿರಲಿಲ್ಲ.