ಟೈ ಅಂಡ್ ಡೈ ದುಪಟ್ಟಾ: ಬಿಳಿ ಚುಕ್ಕಿ ಬಿಳಿಯಾಗೇ ಉಳಿಯೋಕೆ ಏನು ಮಾಡ್ಬೇಕು?

ಸೂಜಿದಾರ (ಮಂಡ್ಯ)

ಬಿಳಿ ಮಲ್ (ತೆಳು ಕಾಟನ್) ಬಟ್ಟೆ ದುಪಟ್ಟಾಗಳನ್ನ ಗಂಟು ಕಟ್ಟಿ ಬಣ್ಣಕ್ಕೆ ಅದ್ದಿ, ಮೆರೂನ್ ನೆಲದ ಮೇಲೆ ಬಿಳಿ ಸಣ್ಣ ಚುಕ್ಕಿ ಬರಿಸಬೇಕು. ಸ್ಯಾಂಪಲ್ ತುಂಡಿನಲ್ಲಿ ಎರಡು ತೊಂದರೆ ಕಾಣ್ತಿದೆ. ಮೆರೂನ್ ಬದಲು ಸಪ್ಪೆ ಗುಲಾಬಿ ಬಂದಿದೆ. ಗಂಟು ಬಿಚ್ಚಿದಾಗ ಬಿಳಿಯಾಗಿದ್ದ ಚುಕ್ಕಿ ಒಗೆದ ಮೇಲೆ ಅದೂ ಗುಲಾಬಿಗೆ ತಿರುಗಿದೆ.

ಬಣ್ಣದ ಪೊಟ್ಟಣದ ಮೇಲೆ ‘ರಿಯಾಕ್ಟಿವ್’ ಅಂತಿದೆ, ಪಕ್ಕದಲ್ಲಿ ‘ಎಚ್’ ಅಕ್ಷರ. ಬೋರ್‌ವೆಲ್ ತಣ್ಣೀರು, ಅಡುಗೆ ಸೋಡಾ, ಉಪ್ಪು. ಕಟ್ಟಿದ್ದು ಹೂ ಕಟ್ಟೋ ನೂಲಿನಲ್ಲಿ. ಅಳತೆ ಸಮೇತ ಹೇಳಿದ್ರೆ ಉಪಕಾರ. ಇನ್ನೆರಡು ಪ್ರಶ್ನೆ: ಗಿರಾಕಿಗಳು ಬಾಂಧನಿ, ಸುಂಗುಡಿ, ಶಿಬೋರಿ ಅಂತ ಒಂದೊಂದು ಹೆಸರು ಹೇಳ್ತಾರೆ, ವ್ಯತ್ಯಾಸ ಏನು? ಹಳೇ ಮೈಸೂರು ಸಿಲ್ಕ್ ಸೀರೆಗೂ ಇದನ್ನ ಮಾಡಬಹುದಾ?

ಬಣ್ಣದ ಬಕೆಟ್ (ಮೈಸೂರು)

ಬಣ್ಣ ಸಪ್ಪೆಯಾಗಿದ್ದಕ್ಕೆ ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ ಮೇಡಂ. ‘ಎಚ್’ ಅಂದ್ರೆ ಬಿಸಿ ಬ್ರ್ಯಾಂಡ್. ಸುಮಾರು 80 ಡಿಗ್ರಿ ಬಿಸಿ ಇಲ್ಲದೆ ಅದು ನೂಲಿಗೆ ಕೂರಲ್ಲ. ಗಂಟು ಕಟ್ಟೋ ಕೆಲಸಕ್ಕೆ ‘ಎಂ’ ಬ್ರ್ಯಾಂಡ್, ಅಂದ್ರೆ ಕೋಲ್ಡ್ ಬ್ರ್ಯಾಂಡ್ ತಗೊಳ್ಳಿ. 1956ರಲ್ಲಿ ಪ್ರೋಸಿಯಾನ್ ಹೆಸರಿನಲ್ಲಿ ಮೊದಲು ಬಂದ ಜಾತಿ ಇದು, 25ರಿಂದ 40 ಡಿಗ್ರಿಯಲ್ಲೇ ಹಿಡಿಯುತ್ತೆ. ಅಂಗಡಿಯಲ್ಲಿ ಬರೀ ‘ರಿಯಾಕ್ಟಿವ್ ಕೊಡಿ’ ಅಂದ್ರೆ ಯಾವುದು ಕೈಗೆ ಸಿಗುತ್ತೋ ಅದನ್ನ ಕೊಡ್ತಾರೆ, ಅಕ್ಷರ ನೋಡಿ ತನ್ನಿ.

ಎರಡನೇದು ಸೋಡಾ. ಅಡುಗೆ ಸೋಡಾದ ಪಿಎಚ್ 8ರ ಆಸುಪಾಸು, ಬೇಕಾಗಿರೋದು 11ರ ಹತ್ತಿರ. ಅದಕ್ಕೆ ಸೋಡಾ ಆಶ್ (ಸೋಡಿಯಂ ಕಾರ್ಬೊನೇಟ್ ಪುಡಿ) ಬೇಕು. ಹರಳು ಹರಳಾಗಿರೋ ವಾಷಿಂಗ್ ಸೋಡಾನೂ ಆಗುತ್ತೆ, ಆದರೆ ಅದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತೆ. 50 ಗ್ರಾಂ ಸೋಡಾ ಆಶ್ ಅಂತ ಇದ್ದ ಕಡೆ ಹರಳು 135 ಗ್ರಾಂ ಹಾಕ್ಬೇಕು.

ಬಣ್ಣದ ಬಗ್ಗೆ ಯೋಚಿಸೋ ಮೊದಲು ಬಟ್ಟೆ ತಯಾರು ಮಾಡಿ. ಹೊಸ ಮಲ್‌ನಲ್ಲಿ ಗಂಜಿ ಇರುತ್ತೆ. ಲೀಟರಿಗೆ 3 ಗ್ರಾಂ ಸೋಡಾ ಆಶ್, 2 ಗ್ರಾಂ ಸೋಪು ಹಾಕಿ ಮುಕ್ಕಾಲು ಗಂಟೆ ಕುದಿಸಿ ಜಾಲಿಸಿ. ಸ್ಟೀಲ್ ಪಾತ್ರೆಯೇ ಆಗಬೇಕು, ಅಲ್ಯೂಮಿನಿಯಂ ಅನ್ನ ಸೋಡಾ ತಿಂದುಹಾಕುತ್ತೆ. ಒಣಗಿದ ಬಟ್ಟೆ ಮೇಲೆ ಒಂದು ಹನಿ ನೀರು ಬಿಡಿ. ತಕ್ಷಣ ಹೀರಿದ್ರೆ ಸರಿ, ಮುತ್ತಿನ ಹಾಗೆ ನಿಂತ್ರೆ ಗಂಜಿ ಇನ್ನೂ ಇದೆ. ಬಟ್ಟೆ ಅಪ್ಪಟ ಕಾಟನ್ನಾ ಅಂತ ಅನುಮಾನ ಇದ್ರೆ ಅಂಚಿನ ಎಳೆ ಕಿತ್ತು ಸುಡಿ. ಕಾಗದದ ವಾಸನೆ, ಮೃದು ಬೂದಿ ಬಂದ್ರೆ ಕಾಟನ್. ಕರಗಿ ಗಟ್ಟಿ ಉಂಡೆ ಆದ್ರೆ ಪಾಲಿಯೆಸ್ಟರ್ ಬೆರೆತಿದೆ, ಆ ಪಾಲಿನ ನೂಲಿಗೆ ಈ ಬಣ್ಣ ಹತ್ತೋದೇ ಇಲ್ಲ.

ಈಗ ಅಳತೆ. ಎರಡೂವರೆ ಮೀಟರ್ ಮಲ್ ದುಪಟ್ಟಾ 150 ಗ್ರಾಂ ಆಸುಪಾಸು ತೂಗುತ್ತೆ, ತೂಕ ಹಾಕೇ ನೋಡಿ. 150 ಗ್ರಾಂ ಬಟ್ಟೆಗೆ ನೀರು 3 ಲೀಟರ್, ಉಪ್ಪು 150 ಗ್ರಾಂ, ಸೋಡಾ ಆಶ್ 50 ಗ್ರಾಂ. ಬಣ್ಣ ಬಟ್ಟೆ ತೂಕದ ನೂರಕ್ಕೆ 4ರಂತೆ 6 ಗ್ರಾಂ. ಮೆರೂನ್‌ಗೆ ಅದಕ್ಕಿಂತ ಕಮ್ಮಿ ಮಾಡಬೇಡಿ. ಪುಡಿ ಉಪ್ಪು ಸಾಕು, ಕಲ್ಲುಪ್ಪಿನಲ್ಲಿ ಮೆಗ್ನೀಷಿಯಂ ಅಂಶ ಇರುತ್ತೆ. ನಿಮ್ಮ ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆ ಬರಲ್ಲ ಅನ್ನೋ ಹಾಗಿದ್ರೆ ಲೀಟರಿಗೆ 1ರಿಂದ 2 ಗ್ರಾಂ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ (ನೀರಿನ ಗಡಸುತನ ತಗ್ಗಿಸೋ ಪುಡಿ) ಬೆರೆಸಿ, ಇಲ್ಲಾಂದ್ರೆ ಕಾವೇರಿ ನಲ್ಲಿ ನೀರು ಬಳಸಿ. ಗಡಸು ನೀರಿನಲ್ಲಿ ಬಣ್ಣ ಒಂದೇ ಸಮ ಕೂರಲ್ಲ, ತೇಪೆ ತೇಪೆ ಕಾಣುತ್ತೆ.

ಬಣ್ಣದ ಪುಡಿಗೆ ಸ್ವಲ್ಪ ತಣ್ಣೀರು ಹಾಕಿ ಗಂಟಿಲ್ಲದ ಹಾಗೆ ಕಲಸಿ, ಆಮೇಲೆ ಉಳಿದ ನೀರು. ಬಟ್ಟೆ ಬಿಟ್ಟು ಉಪ್ಪನ್ನ ಮೂರು ಸಲ ಮಾಡಿ 20 ನಿಮಿಷದಲ್ಲಿ ಹಾಕಿ ಮುಗಿಸಿ. ಪ್ರತಿ ಸಲ ಬಟ್ಟೆ ಪಕ್ಕಕ್ಕೆ ಸರಿಸಿ, ಉಪ್ಪು ನೇರ ಬಟ್ಟೆ ಮೇಲೆ ಬೀಳಬಾರದು. ಕೊನೆಗೆ ಸೋಡಾ, ಬೇರೆ ನೀರಿನಲ್ಲಿ ಕರಗಿಸಿ ಆರಿಸಿ ಹಾಕಿ. ಅಲ್ಲಿಂದ 45 ನಿಮಿಷ ಆಗಾಗ ತಿರುವ್ತಾ ಇರಿ. ಡಿಸೆಂಬರ್ ಚಳಿಯಲ್ಲಿ ನೀರು 30 ಡಿಗ್ರಿಗೆ ಉಗುರು ಬೆಚ್ಚಗೆ ಮಾಡಿಕೊಳ್ಳಿ. ಸೋಡಾ ಸೇರಿದ ಬಣ್ಣದ ನೀರನ್ನ ನಾಳೆಗೆ ಎತ್ತಿಡಬೇಡಿ, ಕೆಲವೇ ಗಂಟೆಯಲ್ಲಿ ಅದರ ಶಕ್ತಿ ಹೋಗಿಬಿಡುತ್ತೆ.

ಪುಡಿ ಅಳೆಯುವಾಗ ಮಾಸ್ಕ್ ಹಾಕ್ಲೇಬೇಕು, ಫ್ಯಾನ್ ಆರಿಸಿ. ಈ ಪುಡಿ ಉಸಿರಿಗೆ ಹೋದ್ರೆ ಅಲರ್ಜಿ, ಉಬ್ಬಸ ಹತ್ತಿಸಬಹುದು. ಅಡುಗೆಮನೆ ಪಾತ್ರೆ, ಚಮಚ ಇದಕ್ಕೆ ಬೇಡವೇ ಬೇಡ.

ಗಂಟುಗಾರ್ತಿ (ಶ್ರೀರಂಗಪಟ್ಟಣ)

ಮೇಲಿನವರು ಕಟ್ಟೋದು, ತೊಳೆಯೋದು ಬಿಟ್ಟಿದ್ದಾರೆ. ಚುಕ್ಕಿ ಕೆಟ್ಟಿರೋದು ತೊಳೆಯುವಾಗ. ಬಿಚ್ಚಿದಾಗ ಬಿಳಿಯಾಗಿತ್ತು ಅಂದ್ರೆ ನಿಮ್ಮ ಗಂಟು ಸರಿಯಾಗೇ ಇತ್ತು. ಬಣ್ಣದಲ್ಲಿ ಒಂದು ಪಾಲು ನೂಲಿನ ಜೊತೆ ಸೇರೋ ಬದಲು ನೀರಿನ ಜೊತೆಗೇ ಸೇರಿಹೋಗುತ್ತೆ. ಅದು ಮತ್ತೆ ನೂಲಿಗೆ ಗಟ್ಟಿಯಾಗಿ ಅಂಟಲ್ಲ, ಆದರೆ ಬಿಳಿ ಜಾಗ ಸಿಕ್ಕಿದ್ರೆ ಅಲ್ಲಿ ಹೋಗಿ ಕೂತ್ಕೊಳ್ಳುತ್ತೆ. ನಿಮ್ಮ ಸ್ಯಾಂಪಲ್‌ನಲ್ಲಂತೂ ಬಹುಪಾಲು ಬಣ್ಣ ಹಾಗೇ ಉಳಿದಿರುತ್ತೆ.

ಅದಕ್ಕೇ ಗಂಟು ಬಿಚ್ಚದೆ ಹರಿಯೋ ತಣ್ಣೀರಿನಲ್ಲಿ ಮೊದಲು ತೊಳೀರಿ, ಉಪ್ಪು ಸೋಡಾ ಹೋಗಿ ಜಾರಿಕೆ ನಿಲ್ಲೋವರೆಗೂ. ಆಮೇಲೆ ಬಿಚ್ಚಿ, ಬಿಚ್ಚಿದ ತಕ್ಷಣ ಮತ್ತೆ ತಣ್ಣೀರು. ಒದ್ದೆ ಬಟ್ಟೆ ಮುದ್ದೆ ಮಾಡಿ ಇಡಲೇಬಾರದು, ಹತ್ತು ನಿಮಿಷ ಸಾಕು ಚುಕ್ಕಿ ಹಾಳಾಗೋಕೆ. ಕೊನೆಗೆ ಚೆನ್ನಾಗಿ ಕಾದ, 80 ಡಿಗ್ರಿ ಮೇಲಿನ ನೀರಿಗೆ ಲೀಟರಿಗೆ 1ರಿಂದ 2 ಗ್ರಾಂ ಸೋಪು ಹಾಕಿ 10 ನಿಮಿಷ ಆಡಿಸಿ, ನೀರು ಬದಲಿಸಿ ಇನ್ನೊಂದು ಸಲ. ಪಾತ್ರೆ ದೊಡ್ಡದಿರಲಿ. ಬಿಸಿ ನೀರು ಹಾಕಿದ್ರೆ ಬಣ್ಣ ಹೋಗುತ್ತೆ ಅಂತ ಹೆದರಿ ಈ ಹಂತ ಬಿಡ್ತಾರೆ. ಹೋಗೋದು ಹೋಗಬೇಕಾದ ಬಣ್ಣ ಮಾತ್ರ. ಬಿಳಿ ಬಟ್ಟೆ ಒದ್ದೆ ಮಾಡಿ ಮೇಲಿಟ್ಟು ಇಸ್ತ್ರಿ ಒತ್ತಿ, ಅದಕ್ಕೆ ಬಣ್ಣ ಹತ್ತದಿದ್ರೆ ಮುಗೀತು.

ಹೂವಿನ ನೂಲು ಬೇಡ. ಹತ್ತಿ ನೂಲು ದೀಪದ ಬತ್ತಿ ಹಾಗೆ ಬಣ್ಣವನ್ನ ಗಂಟಿನೊಳಕ್ಕೆ ಎಳೆಯುತ್ತೆ. ಪಾಲಿಯೆಸ್ಟರ್ ದಾರ ತಗೊಳ್ಳಿ. ದೊಡ್ಡ ವೃತ್ತಕ್ಕಾದ್ರೆ ಹಳೇ ಸೈಕಲ್ ಟ್ಯೂಬ್ ಬೆರಳಗಲ ಪಟ್ಟಿ ಕತ್ತರಿಸಿ ಎಳೆದು ಸುತ್ತಿ, ಅದರಷ್ಟು ತಡೆಯೋದು ಬೇರೆ ಇಲ್ಲ. ಸಣ್ಣ ಚುಕ್ಕಿಗೆ ದುಪಟ್ಟಾನ ನಾಲ್ಕು ಪದರ ಮಡಿಚಿ. ತೂತು ಹೊಡೆದ ಪ್ಲಾಸ್ಟಿಕ್ ಹಾಳೆ ಇಟ್ಟು ಕಾವಿ ನೀರು ಒರೆಸಿದ್ರೆ ಗುರುತು ಬೀಳುತ್ತೆ, ತೊಳೆದ್ರೆ ಹೋಗುತ್ತೆ. ಉಗುರಿನ ತುದಿಯಲ್ಲಿ ಬಟ್ಟೆ ಮೇಲೆತ್ತಿ ಅಕ್ಕಿಕಾಳಿನಷ್ಟು ಹಿಡಿದು ನಾಲ್ಕೈದು ಸುತ್ತು ಬಿಗಿಯಾಗಿ ಸುತ್ತಿ, ದಾರ ಕತ್ತರಿಸದೆ ಮುಂದಿನ ಚುಕ್ಕಿಗೆ ಹೋಗಿ. ನಡುವೆ ಗಂಟು ಹಾಕಬೇಡಿ. ಹಾಗಿದ್ರೆ ಕೊನೆಯಲ್ಲಿ ಬಟ್ಟೆಯನ್ನ ಎರಡೂ ಕಡೆ ಓರೆಯಾಗಿ ಜಗ್ಗಿದ್ರೆ ಸಾಕು, ಸುತ್ತುಗಳು ಪಟಪಟ ಅಂತ ತಾವೇ ಹಾರಿ ಬರ್ತವೆ.

ಕಟ್ಟಿ ಮುಗಿದ ಮೇಲೆ ಬರೀ ನೀರಿನಲ್ಲಿ 20 ನಿಮಿಷ ನೆನೆಸಿ, ಹಿಂಡಿ, ಆಮೇಲೆ ಬಣ್ಣಕ್ಕೆ ಬಿಡಿ. ಗಂಟಿನೊಳಗೆ ಮೊದಲೇ ನೀರು ತುಂಬಿದ್ರೆ ಬಣ್ಣಕ್ಕೆ ಜಾಗ ಇರಲ್ಲ. ಒಣ ಗಂಟು ಬಣ್ಣವನ್ನೇ ಕುಡಿಯುತ್ತೆ.

ಒಂಟಿಕೊಪ್ಪಲ್

ಹೆಸರಿನ ಬಗ್ಗೆ. ಟೈ ಅಂಡ್ ಡೈ ಅನ್ನೋದು ಇಡೀ ಗುಂಪಿನ ಹೆಸರು. ಬಾಂಧನಿ ಕಚ್, ಜಾಮನಗರ, ರಾಜಸ್ಥಾನದ ಸಣ್ಣ ಚುಕ್ಕಿ ಕೆಲಸ. ಅಲ್ಲಿ ತಿಳಿ ಬಣ್ಣದಿಂದ ಗಾಢಕ್ಕೆ ಹೋಗ್ತಾರೆ: ಬಿಳಿ ಕಟ್ಟಿ ಹಳದಿ, ಹಳದಿ ಕಟ್ಟಿ ಕೆಂಪು, ಆಮೇಲೆ ಕಪ್ಪು. ಸುಂಗುಡಿ ಮಧುರೈನ ಸೌರಾಷ್ಟ್ರ ಸಮುದಾಯದವರ ಚುಕ್ಕಿ ಸೀರೆ, 2005ರಲ್ಲಿ ಜಿಐ (ಆ ಊರಿನದೇ ಉತ್ಪನ್ನ ಅನ್ನೋ ಸರ್ಕಾರಿ ಗುರುತು) ಸಿಕ್ಕಿದೆ. ಶಿಬೋರಿ ಜಪಾನಿನದು, ಕಟ್ಟೋದರ ಜೊತೆ ಹೊಲಿದು ಎಳೆಯೋದು, ಹಲಗೆ ನಡುವೆ ಒತ್ತೋದು, ಕೊಳವೆಗೆ ಸುತ್ತೋದು ಎಲ್ಲ ಸೇರುತ್ತೆ. ಪೋಚಂಪಲ್ಲಿ ಇಕ್ಕತ್ ಇದಲ್ಲ, ಅಲ್ಲಿ ನೇಯೋ ಮೊದಲು ನೂಲಿಗೇ ಕಟ್ಟಿ ಬಣ್ಣ ಹಾಕ್ತಾರೆ.

ದೇವರಾಜ ಅರಸು ರಸ್ತೆಯಲ್ಲೂ ಪ್ರಿಂಟ್ ಹಾಕಿದ ‘ಬಾಂಧನಿ’ ಧಾರಾಳ ಸಿಗುತ್ತೆ. ಕಟ್ಟಿದ್ದಾದ್ರೆ ಚುಕ್ಕಿ ಇದ್ದ ಕಡೆ ಬಟ್ಟೆ ಮೊಗ್ಗಿನ ಹಾಗೆ ಸುಕ್ಕಾಗಿರುತ್ತೆ, ಎರಡು ಚುಕ್ಕಿ ಒಂದೇ ಥರ ಇರಲ್ಲ.

ಸೂಜಿದಾರ (ಮಂಡ್ಯ)

ಬಾಟಲಿಯಲ್ಲಿ ಬಣ್ಣ ತುಂಬಿ ಹನಿಸೋ ವಿಧಾನಕ್ಕೆ ಯೂರಿಯಾ ಬೇಕಂತಲ್ಲ, ಗದ್ದೆಗೆ ಹಾಕೋದೇ ಆಗುತ್ತಾ?

ಬಣ್ಣದ ಬಕೆಟ್ (ಮೈಸೂರು)

ಬೇಡ. 2015ರಿಂದ ಗೊಬ್ಬರದ ಯೂರಿಯಾಗೆಲ್ಲ ಬೇವಿನೆಣ್ಣೆ ಲೇಪ ಕಡ್ಡಾಯ, ಎಣ್ಣೆ ಇದ್ದ ಕಡೆ ಕಲೆ ಬೀಳಬಹುದು. ಕೆಮಿಕಲ್ ಅಂಗಡಿಯ ಲೇಪವಿಲ್ಲದ್ದು ತನ್ನಿ, 250 ಮಿಲಿ ನೀರಿಗೆ ಒಂದು ದೊಡ್ಡ ಚಮಚ ಸಾಕು. ಬಟ್ಟೆ ತೇವ ಹಿಡಿದಿಡೋದು ಯೂರಿಯಾದ ಮುಖ್ಯ ಕೆಲಸ. ಆ ವಿಧಾನದಲ್ಲಿ ಸೋಡಾನ ಬಣ್ಣಕ್ಕೆ ಬೆರೆಸಲ್ಲ. ಲೀಟರಿಗೆ 50 ಗ್ರಾಂ ಹಾಕಿದ ನೀರಿನಲ್ಲಿ ಬಟ್ಟೆಯನ್ನ 15 ನಿಮಿಷ ನೆನೆಸಿ ಹಿಂಡಿ, ಅದರ ಮೇಲೆ ಹನಿಸಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿ ರಾತ್ರಿಯಿಡೀ ಇಡಿ. ಗ್ಲೌಸ್ ಮರೀಬೇಡಿ. ಉಳಿದ ಬಣ್ಣದ ನೀರು ನಾಲೆಗೆ ಸುರೀಬೇಡಿ, ಒಳಚರಂಡಿಗೆ ಬಿಡಿ.

ಮೈಸೂರು ಸಿಲ್ಕ್ ಸೀರೆ ತಂಟೆಗೆ ಹೋಗದಿರೋದೇ ಒಳ್ಳೇದು. ಸೋಡಾ ರೇಷ್ಮೆಯ ಹೊಳಪು ತೆಗೆಯುತ್ತೆ, ಬಿಸಿಗೆ ಕ್ರೇಪ್ ಮುದುಡುತ್ತೆ, ಜರಿಯೂ ಮಂಕಾಗುತ್ತೆ, ಮೊದಲೇ ಇರೋ ಬಣ್ಣದ ಮೇಲೆ ಬಿಳಿ ಚುಕ್ಕಿ ಬರೋದೂ ಇಲ್ಲ. ರೇಷ್ಮೆಯೇ ಬೇಕಂದ್ರೆ ಜರಿ ಇಲ್ಲದ ಬಿಳಿ ಬಟ್ಟೆ ತಗೊಂಡು ಆಸಿಡ್ ಡೈ (ರೇಷ್ಮೆ, ಉಣ್ಣೆಗೆ ಹುಳಿ ನೀರಿನಲ್ಲಿ ಹತ್ತೋ ಬಣ್ಣ) ಬಳಸಿ: ಬಣ್ಣ ನೂರಕ್ಕೆ 2, ಲೀಟರಿಗೆ ಎರಡು ಮೂರು ಚಮಚ ವಿನಿಗರ್, 85 ಡಿಗ್ರಿಯಲ್ಲಿ ಅರ್ಧ ಗಂಟೆ. ಕುದಿ ಬರೋಕೆ ಬಿಡಬೇಡಿ.