ಶಾಲೆಯ ಗ್ರಂಥಾಲಯದಲ್ಲಿ ಮಕ್ಕಳು ಮೊದಲು ಏನು ಕಲಿಯಬೇಕು?

ಕಪಾಟಿನಕೀಲಿ: ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮೊದಲು ಕಲಿಸಬೇಕಾದ್ದು ಪುಸ್ತಕ ಹುಡುಕುವುದು, ಓದಿ ತೆಗೆದಲ್ಲೇ ಇಡುವುದು. ಮೂರನೇ ತರಗತಿಯಿಂದ ಶೀರ್ಷಿಕೆಯ ಅಕಾರಾದಿಯಲ್ಲಿ ಜೋಡಿಸಿ. ಪ್ರತಿ ಮಗುವಿಗೂ ಅಡಿ ಉದ್ದದ ರಟ್ಟಿನ ಪಟ್ಟಿ ಕೊಡಿ, ಪುಸ್ತಕ ಎಳೆದ ಸಂದಿಯಲ್ಲಿ ಅದು ನಿಲ್ಲಲಿ. ಇಲ್ಲದಿದ್ದರೆ ವಾರದೊಳಗೆ ಕಪಾಟು ಕಲಸುಮೇಲೋಗರ.

ನಲಿಕಲಿಟೀಚರ್: ಸಂದಿ ಉಳಿಯೋಕೆ ಪುಸ್ತಕಕ್ಕೆ ಬೆನ್ನು ಇರಬೇಕು ಸರ್. ಒಂದು, ಎರಡನೇ ತರಗತಿಯ ಚಿತ್ರಪುಸ್ತಕ ಹದಿನಾರು ಪುಟ, ನಡುವೆ ಎರಡು ಪಿನ್. ನಿಲ್ಲಿಸಿದರೆ ಬಾಗುತ್ತೆ, ಹೆಸರು ಕಾಣಲ್ಲ. ಮಗುವಿನ ಎದೆಮಟ್ಟಕ್ಕೆ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪಿನಲ್ಲಿ ಮೇಲಂಚು ಹಿಡಿಸಿ ನೇತುಹಾಕಿ. ನಡುಪುಟ ತೆರೆದು ಹಗ್ಗದ ಮೇಲೆ ಹಾಕಬೇಡಿ, ಪಿನ್ ಹತ್ತಿರ ಹರಿಯುತ್ತೆ. ಓದಿನ ಮಟ್ಟಕ್ಕೊಂದು ಬಣ್ಣದ ಚುಕ್ಕಿ ಅಂಟಿಸಿದರೆ ಸಾಕು.

ನಿಘಂಟುಪ್ರೇಮಿ: ಯಾವ ಅಕಾರಾದಿ ಸ್ವಾಮಿ? ಗೋಡೆಯ ವರ್ಣಮಾಲೆ ಪಟದಲ್ಲಿ ‘ಅಂ’ ಬರೋದು ‘ಔ’ ಆದಮೇಲೆ. ನಿಘಂಟಿನಲ್ಲಿ ‘ಅಂಗಡಿ’ ಬರೋದು ‘ಅಕ್ಕ’ನಿಗಿಂತ ಮೊದಲು. ಪಟದಲ್ಲಿ ‘ಕ್ಷ’ ‘ಳ’ ಆದಮೇಲೆ, ನಿಘಂಟಿನಲ್ಲಿ ಕಕಾರದೊಳಗೆ. ಇದನ್ನು ಹೇಳಿಕೊಡದಿದ್ದರೆ ಮಗು ತಪ್ಪು ತುದಿಯಲ್ಲಿ ಹುಡುಕುತ್ತೆ.

ಕಪಾಟಿನಕೀಲಿ: “ತಪ್ಪು ತುದಿ” ಅನ್ನಬೇಡಿ. ಮಗುವಿಗೆ ಗೊತ್ತಿರೋದು ಆ ಪಟವೇ. ಕ್ಷ ಕೊನೆಗೇ ಇರಲಿ. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದೇ ಓದುಗರ ಸಮಯ ಉಳಿಸಿ ಅನ್ನೋದು.

ನಿಘಂಟುಪ್ರೇಮಿ: ಸಮಯ ಉಳಿಸೋದಾದರೆ ಒಂದನ್ನೇ ಎರಡು ಥರ ಕಲಿಸಬೇಡಿ! ಕ್ಷ ಅಂದರೆ ಕಕಾರಕ್ಕೆ ಷಕಾರದ ಒತ್ತು, ಅಷ್ಟೇ. ‘ಜ್ಞಾನ’ವೂ ಜಕಾರದಲ್ಲೇ. ಪಟ್ಟಿಯನ್ನು ಕಂಪ್ಯೂಟರಿನಲ್ಲಿ ವಿಂಗಡಿಸಿದರೂ ಹೀಗೇ ಬರುತ್ತೆ.

ವಿಷಯವಾರು: ಮಗು ಶೀರ್ಷಿಕೆ ಕೇಳುತ್ತಾ? “ಆನೆ ಪುಸ್ತಕ ಕೊಡಿ” ಅನ್ನುತ್ತೆ. ವಿಷಯಕ್ಕೊಂದು ಅಂಕಿ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಪ್ರಾಣಿಗಳು 590, ಜನಪದ ಕಥೆ 398.2. ಅಂಕಿಯ ಜತೆ ಆನೆ ಚಿತ್ರ ಅಂಟಿಸಿ. ಬಣ್ಣದ ಚುಕ್ಕಿಯಂತೂ ಬೇಡವೇ ಬೇಡ, “ನೀನಿನ್ನೂ ಹಸಿರು” ಅಂತ ಹಂಗಿಸೋಕೆ ದಾರಿಯಾಗುತ್ತೆ.

ನಲಿಕಲಿಟೀಚರ್: ಹಂಗಿಸೋದು ದೊಡ್ಡವರು ಬಣ್ಣ ಹಂಚಿದಾಗ. ಮಗುವೇ ಆರಿಸಲಿ. ಒಂದು ಪುಟ ಓದುತ್ತಾ ಗೊತ್ತಿಲ್ಲದ ಪದಕ್ಕೊಂದು ಬೆರಳು ಮಡಚಲಿ, ಐದೂ ಮಡಚಿದರೆ ಪುಸ್ತಕ ಸದ್ಯಕ್ಕೆ ಕಷ್ಟ. ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿಯಲ್ಲಿ ಕಥೆಪುಸ್ತಕ ಇರಬೇಕು ಅಂತಲೇ ಇದೆ, ಅಂಕಿ ಅಂಟಿಸಿ ಅಂತಿಲ್ಲ.

ವಿಷಯವಾರು: ಅದೇ ಸಾಲಿನಲ್ಲಿ ಪತ್ರಿಕೆ, ಎಲ್ಲ ವಿಷಯದ ಪುಸ್ತಕ ಅಂತಲೂ ಇದೆ ಮೇಡಂ. ಅರ್ಧ ಓದಬೇಡಿ.

ಕಪಾಟಿನಕೀಲಿ: ನಿಘಂಟುಪ್ರೇಮಿಗಳೇ, ಮಕ್ಕಳ ಕಪಾಟಿನಲ್ಲಿ ಕ್ಷ ದಿಂದ ಶುರುವಾಗುವ ಶೀರ್ಷಿಕೆ ಎಷ್ಟಿದ್ದಾವು?

ನಿಘಂಟುಪ್ರೇಮಿ: ಒಂದೇ ಇರಲಿ, ಸಿಗಬೇಕು. ‘ಳ’ ಆದಮೇಲೆ ಒಂದು ರಟ್ಟು ನಿಲ್ಲಿಸಿ: “ಕ್ಷ ಬೇಕಾದರೆ ಕ ನೋಡು.” ಹುಡುಕುವ ವಿದ್ಯೆ ಅಂದರೆ ಅದು.

ಕಪಾಟಿನಕೀಲಿ: ರಟ್ಟು ಒಪ್ಪಿದೆ. ಅದನ್ನು ‘ಕ’ ಹತ್ತಿರ ನಿಲ್ಲಿಸಿ, “ಕ್ಷ ಕೊನೆಯಲ್ಲಿದೆ” ಅಂತ ಬರೆಸಿ.