ಹೆಂಗಸರ ತಂಬಾಕು ಸರ್ವೆ: ಎಲ್ಲರೂ ‘ಇಲ್ಲ’ ಅಂದ್ರೆ ಏನು ಮಾಡೋದು?

ಪ್ರಶ್ನೆ: ಕೊಪ್ಪಳ ಕಡೆ ಹಳ್ಳಿಗಳಲ್ಲಿ ಆರೋಗ್ಯ ಸರ್ವೆ ಮಾಡುತ್ತಿದ್ದೇವೆ. ತಂಬಾಕು ಬಳಸುತ್ತೀರಾ ಅಂತ ಕೇಳಿದರೆ ಹೆಂಗಸರು ಹೆಚ್ಚುಕಮ್ಮಿ ಎಲ್ಲರೂ ಇಲ್ಲ ಅನ್ನುತ್ತಾರೆ. ಅಂಗಡಿಯವರನ್ನು ಕೇಳಿದರೆ ಕಡ್ಡಿಪುಡಿ ಒಯ್ಯುವವರಲ್ಲಿ ಹೆಂಗಸರೂ ಬೇಕಾದಷ್ಟಿದ್ದಾರೆ. ಇಂಥ ಸರ್ವೆ ಮಾಡಿದವರು ಹೇಗೆ ಕೇಳಿದಿರಿ, ಸ್ವಲ್ಪ ಹೇಳಿ.

ಗದಗದಿಂದ, ಸರ್ವೆ ಕೆಲಸ ಮಾಡಿದವಳು: ಮೊದಲು ಆ ಒಂದು ಸಾಲಿನ ಪ್ರಶ್ನೆ ತೆಗೀರಿ. ಊಟ ಆದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುವ ಅಜ್ಜಿ ಅದನ್ನು ತಂಬಾಕಿನ ಚಟ ಅಂತ ಎಣಿಸೋದೇ ಇಲ್ಲ. ನಾವು ‘ಎಲಿ ಅಡಿಕಿ ಹಾಕ್ತೀರೇನಬೇ’ ಅಂತ ಶುರು ಮಾಡಿ, ಸುಣ್ಣ ಯಾವುದು, ಜೊತೆಗೆ ಹೊಗೆಸೊಪ್ಪೋ ಕಡ್ಡಿಪುಡಿಯೋ ಅಂತ ಮಾತು ಎಳೆಯುತ್ತಿದ್ದೆವು, ಅಷ್ಟೊತ್ತಿಗೆ ಅವರೇ ಚಂಚಿ ಬಿಚ್ಚಿ ತೋರಿಸುತ್ತಿದ್ದರು. ಆಮೇಲೆ ನಶ್ಯ, ಬೀಡಿ, ಒಂದೊಂದಾಗಿ. ಮಹಾರಾಷ್ಟ್ರದ ಗಡಿ ಕಡೆ ಹೋದರೆ ಮಿಶ್ರಿ ಬಿಡಬೇಡಿ. ಅದು ಹುರಿದು ಪುಡಿ ಮಾಡಿದ ತಂಬಾಕು, ಆದರೆ ಹಲ್ಲು ತಿಕ್ಕುವವರಿಗೆ ಬರೀ ಹಲ್ಲುಪುಡಿ. 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧ ಆದ ಮೇಲೆ ಪಾನ್ ಮಸಾಲ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು ಅಂತ ಮಾರೋದು ಶುರುವಾಯ್ತು. ಹಾಗಾಗಿ ‘ಪಾನ್ ಮಸಾಲ ಅಷ್ಟೇ’ ಅಂದವರನ್ನು ಎರಡನೇ ಪಾಕೀಟಿನ ಬಗ್ಗೆ ಕೇಳಲೇಬೇಕು.

ಆಶಾ ಕಾರ್ಯಕರ್ತೆ: ನಮ್ಮನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೇಳಬೇಡಿ. ಮನೆ ತೋರಿಸೋಕೆ ಮಾತ್ರ ಕರೀರಿ. ತಾಯಿ ಕಾರ್ಡ್ ಬರೆಯುವಾಗ ‘ಬಿಡು ತಂಗಿ, ಮಗು ತೂಕ ಕಮ್ಮಿ ಆಗ್ತದೆ’ ಅಂತ ಬೈಯೋರು ನಾವೇ, ನಮ್ಮೆದುರು ಯಾವ ಬಸುರಿ ಹೌದು ಅಂತಾಳೆ? ಅತ್ತೆ ಎದುರಿಗಂತೂ ಆಗೋದೇ ಇಲ್ಲ. ವಯಸ್ಸಾದವರು ರಾಜಾರೋಷವಾಗಿ ಹೇಳ್ತಾರೆ, ಮುಚ್ಚಿಡೋರು ಸೊಸೆಯಂದಿರು.

ಅಂಕಿಅಂಶ ನೋಡುವವನು: ಉತ್ತರ ಕೊಟ್ಟವರು ಯಾರು ಅನ್ನೋದನ್ನೂ ಬರೆದಿಡಿ. 2016–17ರ ಗ್ಯಾಟ್ಸ್, ಅಂದರೆ ದೊಡ್ಡವರ ತಂಬಾಕು ಬಳಕೆಯ ಜಾಗತಿಕ ಸಮೀಕ್ಷೆಯಲ್ಲಿ ದೇಶದ ಗಂಡಸರಲ್ಲಿ 42.4%, ಹೆಂಗಸರಲ್ಲಿ 14.2% ತಂಬಾಕು ಬಳಸುವವರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದರೆ ಎನ್‌ಎಫ್‌ಎಚ್‌ಎಸ್‌ನಲ್ಲಿ ಗಂಡಸರು 38%, ಹೆಂಗಸರು 8.9%. ಗಂಡಸರ ಲೆಕ್ಕ ಸ್ವಲ್ಪ ಇಳಿದಿದೆ, ಹೆಂಗಸರದ್ದು ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇಳಿದಿದೆ. ಅಷ್ಟು ಜನ ಬಿಟ್ಟೇಬಿಟ್ಟರಾ? ನನಗೆ ನಂಬಿಕೆ ಇಲ್ಲ. ಗ್ಯಾಟ್ಸ್‌ನಲ್ಲಿ ಮನೆಗೊಬ್ಬರನ್ನು ಆರಿಸಿ ಅವರನ್ನೇ ಕೇಳುತ್ತಾರೆ. ಎನ್‌ಎಫ್‌ಎಚ್‌ಎಸ್‌ನ ಈ 15 ವರ್ಷ ಮೇಲ್ಪಟ್ಟವರ ಲೆಕ್ಕ ಮನೆಯ ಒಬ್ಬರು ಎಲ್ಲರ ಪರವಾಗಿ ಕೊಟ್ಟ ಉತ್ತರದಿಂದ ಬಂದದ್ದು. ಕದ್ದು ಹಾಕಿಕೊಳ್ಳುವ ಸೊಸೆ ಅದರಲ್ಲಿ ಹೇಗೆ ಸಿಗ್ತಾಳೆ?

ಇನ್ನೊಬ್ಬರು: ಸುಮ್ನೆ ಮೂತ್ರದಲ್ಲಿ ಕೊಟಿನೈನ್ ಪರೀಕ್ಷೆ ಮಾಡಿಸಿ, ತಂಬಾಕಿನ ನಿಕೋಟಿನ್ ಮೈಯಲ್ಲಿ ಕರಗಿ ಆಗುವ ವಸ್ತು ಅದು. ಕೊರಿಯಾದಲ್ಲಿ ಹಾಗೆ ನೋಡಿದಾಗ ಸಿಗರೇಟು ಸೇದುವ ಹೆಂಗಸರು ಬಾಯಲ್ಲಿ ಹೇಳಿದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಸಿಕ್ಕರು.

ಗದಗದವಳೇ: ದುಡ್ಡಿದ್ದರೆ ಒಂದಷ್ಟು ಜನಕ್ಕೆ ಮಾಡಿಸಿ, ಒಪ್ಪಿಗೆ ತಗೊಂಡು. ಆದರೆ ಅದು ಹಿಂದಿನ ಕೆಲವು ದಿನದ್ದು ಮಾತ್ರ ಹೇಳುತ್ತೆ, ಜಾತ್ರೆ ಮದುವೆಯಲ್ಲಿ ಹಾಕುವವರು ತಪ್ಪಿಹೋಗುತ್ತಾರೆ. ಬೀಡಿ ಕಟ್ಟುವವರಿದ್ದರೆ ಅವರ ಪಟ್ಟಿ ಬೇರೆ ಇಡಿ, ಏನೂ ಬಾಯಿಗೆ ಹಾಕದಿದ್ದರೂ ತಂಬಾಕು ಮುಟ್ಟಿ ಮುಟ್ಟಿ ಅವರ ಮೂತ್ರದಲ್ಲಿ ಕೊಟಿನೈನ್ ಬರುತ್ತೆ.